ಸಿನೇಮಾಕ್ಕೆ ಕೊಟ್ಟ ಕಂಬಳಿ

ಸಾಲೋಟಗಿ, ತಾ. ಇಂಡಿ
೧೪ ಡಿಸೆಂಬರ್ ೨೦೨೫, ರವಿವಾರ, ಮಧ್ಯಾಹ್ನ

ಯವ್ವಾ ರಾಜಿ,

ಕುರಿ ಬಿಡುವ ಹೊತ್ತಾಯಿತು ಎಂದು ನಿನ್ನೆ ಫೋನ್ ಇಟ್ಟುಬಿಟ್ಟೆನಲ್ಲ, ಅದು ಸುಳ್ಳು. ಕುರಿ ಹೊಲಕ್ಕೆ ಹೋಗಿ ಆಗಲೇ ಎರಡು ತಾಸಾಗಿತ್ತು. ಐದು ವರ್ಷದ ಮೇಲೆ ನಿನ್ನ ದನಿ ಕೇಳಿದೆ, ಉಂಡಿಯಾ ಎಂದು ಸಹ ಕೇಳಲಿಲ್ಲ ನಾನು. ನೀನು ನೆಟ್ಟಗೆ ವಿಷಯಕ್ಕೇ ಬಂದೆ, ನಿನ್ನವ್ವನ ಹಾಗೆ. "ಅವತ್ತ ಹೊಲದಾಗ ನನ್ನ ಗುರ್ತಾ ಹಿಡದಿದ್ದಿ ಏನಪ್ಪಾ, ಇಲ್ಲೋ? ಖರೇ ಹೇಳು" ಎಂದೆ. ಅವತ್ತು ಎಂದರೆ ಮಾರ್ಚ್ ತಿಂಗಳಲ್ಲಿ ತಮಿಳು ಸಿನೇಮಾದವರು ನಮ್ಮೂರ ಹೊಲದಲ್ಲಿ ಶೂಟಿಂಗ್ ಮಾಡಿದ ದಿನ, ನಾನು ಕ್ಯಾಮೆರಾದ ನಡುವೆ ನುಗ್ಗಿ ಊರೆಲ್ಲ ನಗುವಂತೆ ಮಾಡಿಕೊಂಡ ದಿನ. ಆ ಪ್ರಶ್ನೆಗೆ ಬರುತ್ತೇನೆ, ತಡೆ. ಬಾಯಿಗೆ ಬಾರದ್ದು ಕೈಗಾದರೂ ಬರಲಿ ಎಂದು ಅಂಗಳದ ಬೇವಿನ ಮರದ ಕೆಳಗೆ ಕಾಗದ ಹಿಡಿದು ಕೂತಿದ್ದೇನೆ.

ಮೊದಲು ನಿನ್ನ ಎಡಗೈ ಹೇಗಿದೆ ತಿಳಿಸು. ಚಳಿಗೆ ಹಿಡಿದುಕೊಳ್ಳುತ್ತದೆಯೆ? ಎಳ್ಳೆಣ್ಣೆ ಬಿಸಿ ಮಾಡಿ ಭುಜದಿಂದ ಕೆಳಗೆ ತಿಕ್ಕು, ಮೊಣಕೈಯಿಂದ ಮೇಲಕ್ಕೆ ತಿಕ್ಕಬೇಡ. ಚೆನ್ನೈಯಲ್ಲಿ ಚಳಿಯೇ ಇಲ್ಲ ಎಂದು ನನ್ನ ಗೆಳೆಯ ರಜಾಕ ಹೇಳುತ್ತಾನೆ, ಇದ್ದರೆ ಮುರಿದ ಎಲುಬಿಗೆ ಗೊತ್ತಾಗುತ್ತದೆ, ರಜಾಕನಿಗೇನು ಗೊತ್ತು. ನಾನು ಅರಾಮ ಇದ್ದೇನೆ. ಎಡಗಣ್ಣಿನ ಪೊರೆ ತೆಗೆಸಿದೆ, ಈಗ ದೂರದ ಕುರಿಯ ಕಿವಿಯ ಗುರುತೂ ಕಾಣುತ್ತದೆ. ಜೋಳ ಈ ಸಲ ಎದೆಮಟ್ಟ ಬಂದಿದೆ. ನಿನ್ನ ಸೋದರತ್ತೆ ಸೀತವ್ವನ ಮೊಣಕಾಲು ಮಾತ್ರ ಕೈಕೊಟ್ಟಿದೆ, ನಾಲಿಗೆ ಏನೂ ಕೈಕೊಟ್ಟಿಲ್ಲ. ನಿನಗೆ ಫೋನ್ ಮಾಡಿ ನನ್ನ ನಂಬರ್ ಕೊಟ್ಟವಳು ಅವಳೇ ಎಂದು ನಿನ್ನೆ ಸಂಜೆ ಒಪ್ಪಿಕೊಂಡಳು. ಐದು ವರ್ಷವೂ ನಿನ್ನ ಜೊತೆ ಕದ್ದು ಮಾತಾಡುತ್ತಿದ್ದಳಂತೆ, ಕುಂಬಿಯ ಮೇಲೆ ಹಪ್ಪಳ ಒಣಗಿಸುವ ನೆವದಲ್ಲಿ. ಈ ಮನೆಯಲ್ಲಿ ಅಷ್ಟು ಹಪ್ಪಳ ಯಾರು ತಿನ್ನುತ್ತಾರೆ ಎಂದು ನನಗೆ ಅನುಮಾನ ಬರಬೇಕಾಗಿತ್ತು.

ಆ ಕೈ ಮುರಿದುಕೊಂಡು ನೀನು ಬಂದದ್ದು ನಿನ್ನವ್ವನ ನಾಲ್ಕನೆಯ ವರ್ಷದ ಎಡೆಯ ದಿನ. ನನಗೆ ನೆನಪಿಲ್ಲ ಎಂದುಕೊಳ್ಳಬೇಡ. ವಿಜಯಪುರದ ಸೈಕಲ್ ಹಾಸ್ಟೆಲ್ಲಿಗೆ ನಿನ್ನನ್ನು ನಾನೇ ಸೇರಿಸಿದೆ, ನೀನು ರೇಸು ಗೆದ್ದಾಗ ಪೇಪರಿನ ತುಣುಕನ್ನು ಕತ್ತರಿಸಿ ಪಾಕೀಟಿನಲ್ಲಿ ಇಟ್ಟುಕೊಂಡು ಇಂಡಿ ಸಂತೆಯಲ್ಲಿ ಕಂಡವರಿಗೆಲ್ಲ ತೋರಿಸಿದೆ. ರೇಸಿಗೆಂದು ಚೆನ್ನೈಗೆ ಹೋದವಳು ಅಲ್ಲೇ ನಿಂತು ಸಿನೇಮಾದಲ್ಲಿ ಹೀರೋಯಿನ್ನಿನ ಬದಲು ಬೀಳುವ ಕೆಲಸ ಹಿಡಿದೆ ಎಂದಾಗ ನನಗೆ ತಿಳಿಯಲಿಲ್ಲ. ಗೆದ್ದರೆ ನಿನ್ನ ಹೆಸರಿಲ್ಲ, ಮುರಿದರೆ ನಿನ್ನ ಎಲುಬು, ಇದೆಂಥ ಕೆಲಸ ಎಂಬುದೊಂದೇ ತಲೆಯಲ್ಲಿ. ಬೀಗರು, ನೆರೆಯವರು ಎಲ್ಲ ಕೂತಿದ್ದರು. "ಮಂದಿ ಬದ್ಲಿ ಬಿದ್ದು ಸಾಯಾಕ ನಿಮ್ಮವ್ವ ನಿನ್ನ ಹಡದಿಲ್ಲ. ಅದನ್ನ ಬಿಡೂಮಟ ಈ ಹೊಸ್ತಿಲಾ ದಾಟಬ್ಯಾಡ" ಎಂದೆ. ನೀನು ಪ್ಲಾಸ್ಟರಿನ ಕೈಯಲ್ಲೇ ಚೀಲ ಎತ್ತಿಕೊಂಡೆ. ಎಡೆಯ ಹೋಳಿಗೆ ಹಾಗೇ ಉಳಿಯಿತು. ನಾಲ್ಕು ಜನರ ಮುಂದೆ ಆಡಿದ ಮಾತು ಆಡಿಯಾಗಿತ್ತು, ನಾನು ಅದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಇರಲಿ, ಸಿನೇಮಾಕ್ಕೆ ಬರುತ್ತೇನೆ. ನಿನಗೆ ನಿನ್ನ ಗಾಡಿ ಗೊತ್ತು, ಕ್ಯಾಮೆರಾ ಗೊತ್ತು. ನನ್ನ ಕಡೆಯದು ಯಾರೂ ನಿನಗೆ ಹೇಳಿರಲಿಕ್ಕಿಲ್ಲ. ಝಳಕಿಯ ಅಬ್ದುಲರಜಾಕ ಹದಿನೆಂಟು ವರ್ಷ ಸೇಲಂ, ಚೆನ್ನೈ ಲೈನಿನಲ್ಲಿ ಲಾರಿ ಓಡಿಸಿದವನು, ತಮಿಳು ನೀರು ಕುಡಿದಂತೆ ಆಡುತ್ತಾನೆ. ಸಿನೇಮಾದವರಿಗೆ ಟೆಂಪೋ, ಊಟ, ಜಾಗ ಎಲ್ಲ ಅವನದೇ. ಬಸವನ ಬಾಗೇವಾಡಿಯ ಸ್ಟೇಷನ್ ಹತ್ತಿರ ನಾಲ್ಕು ದಿನ ಗುದ್ದಾಟ ತೆಗೆದರು, ಮುದ್ದೇಬಿಹಾಳದ ಕಡೆ ಹೊಳೆಯ ದಂಡೆಯಲ್ಲಿ ಒಂದು ಜೀಪು ಸುಟ್ಟರು. ಆಮೇಲೆ ಒಂದು ಮುಂಜಾನೆ ರಜಾಕ ನಮ್ಮ ಅಂಗಳಕ್ಕೆ ಬಂದು, "ಬೀರಣ್ಣಾ, ಸಿನೇಮಾದಾಗ ಪಾರ್ಟ್ ಬಂದೈತಿ ನೋಡಪಾ. ನಿನಗಲ್ಲ ಮತ್ತ, ನಿನ್ನ ಕುರಿಗಿ" ಎಂದ. ಜೋಳ ಕೊಯ್ದ ಹೊಲ, ಅದರೊಳಗೆ ಇನ್ನೂರಾ ನಲವತ್ತು ಕುರಿ. ಹೀರೋಯಿನ್ ಮೋಟರ್ ಸೈಕಲ್ ಮೇಲೆ ಬರುವಾಗ ಹಿಂಡು ಬೈತಲೆ ತೆಗೆದಂತೆ ಎರಡಾಗಬೇಕು, ಅವಳು ನಡುವೆ ಹಾದು ದಿಣ್ಣೆ ಹಾರಿ ಬೀಳಬೇಕು. ಇಷ್ಟು ಬೇಕಾಗಿತ್ತು ಅವರಿಗೆ.

ಒಬ್ಬ ಅಸಿಸ್ಟಂಟು ಮೈಕು ಹಿಡಿದು ಕುರಿಗಳಿಗೆ ತಮಿಳಿನಲ್ಲಿ ಕೂಗಿದ. ಅವು ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ನೆಟ್ಟಗೆ ಊಟದ ಟೆಂಟಿಗೆ ನುಗ್ಗಿದವು. ಎರಡನೆಯ ಸಲ ಬಡಿಗೆ ಹಿಡಿದು ಓಡಿಸಿದರು, ಆಗ ಹಿಂಡು ಗುಂಡಗಾಗಿ ಮುದ್ದೆಯಂತೆ ನಿಂತುಬಿಟ್ಟಿತು. ಇನ್ನೊಬ್ಬ ಬಂದು ಈ ಕುರಿಗಳು ಕರಿ ಬಣ್ಣದವು, ಬಿಳಿ ಮಾಡಬಹುದೆ ಎಂದು ರಜಾಕನ ಕಡೆಯಿಂದ ಕೇಳಿಸಿದ. ನನಗೆ ಸಿಟ್ಟು ಬಂತು. ನಿನ್ನಪ್ಪ ಇಂಡಿ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷ ಪೂರ್ತಿ ಕೂತವನು, ಎರಡನೆಯ ವರ್ಷಕ್ಕೆ ನಿನ್ನಜ್ಜ ಕುರಿಯ ಹಿಂದೆ ಕಳಿಸದಿದ್ದರೆ ಇವತ್ತು ಏನಾಗುತ್ತಿದ್ದನೋ. ಅಂದಿನ ಇಂಗ್ಲೀಷಿನಲ್ಲಿ ಅರ್ಧ ಗಾಳಿಗೆ ಹೋಗಿದೆ, ಅರ್ಧ ಉಳಿದಿದೆ. ಉಳಿದದ್ದನ್ನು ಕಟ್ಟಿಕೊಂಡು ನೆಟ್ಟಗೆ ಡೈರೆಕ್ಟರ್ ಕುರ್ಚಿಯ ಹತ್ತಿರ ಹೋಗಿ, "ಸರ್, ಶೀಪ್ ಈಸ್ ಎ ಡೊಮೆಸ್ಟಿಕ್ ಅನಿಮಲ್. ಇಟ್ ಗಿವ್ಸ್ ಅಸ್ ವೂಲ್. ಇಟ್ ಡಸ್ ನಾಟ್ ಒಬೇ ದಿ ಮೈಕ್" ಎಂದೆ. ಮೊದಲಿನ ಎರಡು ವಾಕ್ಯ ಪರೀಕ್ಷೆಗೆ ಬಾಯಿಪಾಠ ಮಾಡಿದ ನಿಬಂಧದ್ದು, ಮೂರನೆಯದು ನನ್ನ ಸ್ವಂತದ್ದು. ಆತ ಎದ್ದು ನಿಂತು ಕೈಮುಗಿದ. ರಜಾಕ ಹಿಂದಿನಿಂದ, "ನಿನ್ನ ಇಂಗ್ಲೀಷ್ ಕೇಳಿ ಟಗರೂ ನಗಾಕತ್ತೇತಿ ನೋಡು" ಎಂದ. ನಗಲಿ. ಆ ಹೊತ್ತಿನಿಂದ ಆ ಹೊಲದಲ್ಲಿ ಡೈರೆಕ್ಟರ್ ಯಾರು ಎಂದರೆ ನಾನೇ.

ನಾನು ಏನು ಮಾಡಿದೆ ಎಂದು ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಹೇಳದೆ ನನಗೆ ತಡೆಯುವುದಿಲ್ಲ. ಹಾಲು ಕುಡಿಯುವ ಮರಿಗಳನ್ನೆಲ್ಲ ಮುಂಜಾನೆಯೇ ತಾಯಂದಿರಿಂದ ಅಗಲಿಸಿ ಎಡಗಡೆ ಬದುವಿನ ಹಿಂದೆ ಬಲೆಯೊಳಗೆ ಹಾಕಿದೆ. ಬಲಗಡೆ ಗಂಟೆ ಕಟ್ಟಿದ ಟಗರು, ಅದರ ಮುಂದೆ ಉಪ್ಪಿನ ಹರಳು. ಅವರು ಸನ್ನೆ ಮಾಡಿದ ಕೂಡಲೇ ಬಲೆಯ ಹತ್ತಿರ ನಿಂತು ಮರಿಗಳನ್ನು ಒದರಿಸಿದೆ. ಹಾಲಿನ ಕುರಿಗಳೆಲ್ಲ ಎಡಕ್ಕೆ ಹರಿದವು, ಬಂಜೆ ಕುರಿಗಳೆಲ್ಲ ಗಂಟೆಯ ಕಡೆಗೆ ಬಲಕ್ಕೆ. ನಡುವೆ ದಾರಿ ತಾನೇ ಬಿತ್ತು. ಯಾರೂ ಹೊಡೆಯಲಿಲ್ಲ, ಯಾರೂ ಕೂಗಲಿಲ್ಲ. ಗಾಡಿ ಇಲ್ಲದೆ ಎರಡು ಸಲ ಮಾಡಿ ತೋರಿಸಿದೆ, ಎರಡೂ ಸಲ ಗೆರೆ ಕೊರೆದಂತೆ. ನಿಮ್ಮ ಫೈಟ್ ಮಾಸ್ಟರ್ ನನ್ನ ಹೆಗಲ ಮೇಲೆ ಕೈಹಾಕಿ ರಜಾಕನಿಗೆ ಏನೋ ಹೇಳಿದ. ಇಷ್ಟು ವರ್ಷದಲ್ಲಿ ತನ್ನ ಮಾತು ಹೀಗೆ ಕೇಳಿದ ಗುಂಪು ಇದೊಂದೇ ಎಂದನಂತೆ.

ಕಾಸ್ಟೂಮಿನವರು ನನಗೂ ಹೊಸ ಕಂಬಳಿ ಹೊದಿಸಲು ಬಂದರು, ದೂರದಲ್ಲಿ ಕುರುಬನೊಬ್ಬ ನಿಂತಂತೆ ಕಾಣಬೇಕಂತೆ. ಕುರುಬನಿಗೆ ಕುರುಬನ ವೇಷ! ಬೇಡ ಎಂದೆ. ನನ್ನ ಹೆಗಲ ಮೇಲಿದ್ದದ್ದು ನಿನ್ನವ್ವ ನೂಲಿದ ಕಂಬಳಿ. ನೀನು ಹಾಸ್ಟೆಲ್ಲಿಗೆ ಹೋದ ವರ್ಷ, ಮನೆ ಖಾಲಿಯಾಯಿತು ಎಂದು ಇಂದ್ರಾಬಾಯಿ ಹಗಲೆಲ್ಲ ಕೂತು ನೂಲಿದ್ದಳು, ನಮ್ಮದೇ ಹಿಂಡಿನ ಕರಿ ಉಣ್ಣೆ, ಹುಣಸೆಬೀಜದ ಗಂಜಿ ಹಾಕಿ ನೇಯಿಸಿದ್ದು. ಮನೆಯ ಕಂಬಳಿಗೆ ನಮ್ಮಲ್ಲಿ ಒಂದು ಕೆಲಸವಿದೆ, ನೀನು ಸಣ್ಣವಳಿದ್ದಾಗ ಕಣ್ಣಾರೆ ನೋಡಿದ್ದೀ. ನಿನ್ನ ಮಾಳಿಂಗ ಕಾಕಾ ಜಗಳಾಡಿ ಸೊಲ್ಲಾಪುರದ ಮಿಲ್ಲಿಗೆ ಹೋದವನು ಹನ್ನೊಂದು ವರ್ಷಕ್ಕೆ ತಿರುಗಿ ಬಂದು ಹಳ್ಳದ ಹತ್ತಿರ ನಿಂತಿದ್ದ. ನಿನ್ನಜ್ಜ ಯಾಕೆ ಹೋದೆ ಎನ್ನಲಿಲ್ಲ, ಯಾಕೆ ಬಂದೆ ಎನ್ನಲಿಲ್ಲ. ನಾಲ್ಕು ಜನ ನೋಡುತ್ತಿರುವಾಗ ಹೋಗಿ ಮನೆಯ ಕಂಬಳಿ ಹೊದಿಸಿದ, ಬೀರದೇವರ ಭಂಡಾರದ ಅರಿಶಿನ ಹಣೆಗೆ ಹಚ್ಚಿದ. ಅಷ್ಟೇ. ಹೊರಗೆ ಹಾಕಿದವರನ್ನು ಒಳಗೆ ತೆಗೆದುಕೊಳ್ಳುವುದು ನಮ್ಮ ಮನೆತನದಲ್ಲಿ ಹೀಗೆ. ಆಮೇಲೆ ಹಳೆಯ ಮಾತು ಯಾರೂ ಎತ್ತುವಂತಿಲ್ಲ. ನಿನಗಾಗ ಆರು ವರ್ಷ, "ಕಾಕಾಗ ಚಳಿ ಹತ್ತೇತೇನ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದೆ.

ಆಮೇಲೆ ಆ ಬೀಳುವುದು. ಡೂಪ್ ಹುಡುಗಿ ಬಂದಳು, ಗಾಡಿಯ ಮೇಲೆ ಕೂತಳು ಎಂದು ರಜಾಕ ಹೇಳಿದ. ಮುಖಕ್ಕೆ ಓಢಣಿ ಸುತ್ತಿತ್ತು, ಕಣ್ಣಿಗೆ ಕರಿ ಕನ್ನಡಕ, ತಲೆಗೆ ಯಾರದೋ ಉದ್ದ ಕೂದಲು. ನನಗೆ ನನ್ನ ಕುರಿಯ ಚಿಂತೆ. ಮರಿ ಒದರಿಸಿದೆ, ಹಿಂಡು ಒಡೆಯಿತು, ಗಾಡಿ ನಡುವೆ ಹಾದು ದಿಣ್ಣೆಯಿಂದ ಎದ್ದಿತು. ಎಷ್ಟು ಎತ್ತರ ಎಂದರೆ ಅದರ ನೆರಳು ನನ್ನ ಮೇಲೆ ಹಾದು ಹೋಯಿತು. ಗಾಡಿ ಒಂದು ಕಡೆ, ಹುಡುಗಿ ಒಂದು ಕಡೆ. ಅವಳು ಬಿದ್ದು ಎರಡು ಉರುಳು ಉರುಳಿ ಜೋಳದ ಕೂಳೆಯ ನಡುವೆ ಅಂಗಾತ ಬಿದ್ದುಕೊಂಡಳು, ಹೆಣದ ಹಾಗೆ. ಅಲ್ಲಿ ಅವಳು ಸತ್ತಂತೆ ಬಿದ್ದಿರಬೇಕು, ಹೀರೋ ಓಡಿ ಬರಬೇಕು, ಕತೆ ಹಾಗಿತ್ತು. ಹೀರೋಗಿಂತ ಮೊದಲು ನಾನು ಓಡಿದೆ. ಅರವತ್ತೆಂಟರ ಕಾಲು ಹಾಗೆ ಓಡುತ್ತವೆ ಎಂದು ನನಗೂ ಗೊತ್ತಿರಲಿಲ್ಲ. ಹೆಗಲಿನ ಕಂಬಳಿ ತೆಗೆದು ಹೊದಿಸಿದೆ, ಸೊಂಟದ ಚೀಲದಿಂದ ಭಂಡಾರ ತೆಗೆದು ಓಢಣಿಯ ಮೇಲೆ ಕಂಡಷ್ಟು ಹಣೆಗೆ ಹಚ್ಚಿದೆ. ಕಂಬಳಿ ಮೂರು ಸಲ ಅದುರಿತು. ಆಮೇಲೆ ಹತ್ತು ಜನ ಬಂದು ನನ್ನ ರಟ್ಟೆ ಹಿಡಿದು ಎಳೆದರು, ಹಿಡಿದವರೆಲ್ಲ ತಮಿಳಿನಲ್ಲಿ ಬೈದರು. ನನ್ನ ಬಾಯಿಗೆ ಕನ್ನಡವೂ ಬರಲಿಲ್ಲ. "ಐ ಬೆಗ್ ಯುವರ್ ಪಾರ್ಡನ್, ಐ ಬೆಗ್ ಯುವರ್ ಪಾರ್ಡನ್" ಎಂದೆ, ಐದಾರು ಸಲ ಎಂದಿರಬೇಕು. ಅಷ್ಟರಲ್ಲಿ ಹುಡುಗಿಯನ್ನು ಎತ್ತಿ ವ್ಯಾನಿಗೆ ಒಯ್ದಿದ್ದರು.

ಮುಂದಿನದು ರಜಾಕ ಹೇಳಿದ್ದು. ಡೈರೆಕ್ಟರ್ ಕಟ್ ಅಂದೇ ಇರಲಿಲ್ಲವಂತೆ. ಟಿ.ವಿ.ಯಂಥ ಡಬ್ಬಿಯೊಳಗೆ ಅದನ್ನೇ ಮೂರು ಸಲ ನೋಡಿ, ಕೂತಲ್ಲೇ ಕೂತನಂತೆ. ರಜಾಕ ಬಂದು, "ಈ ಮುದುಕನ್ನ ಕತಿಯಾಗ ಯಾರೂ ಬರದಿದ್ದಿಲ್ಲಂತ. ಈಗ ನೀ ಇಲ್ದ ಕತಿ ಮುಂದ ಹೋಗೂದಿಲ್ಲಂತ ಮಾರಾಯಾ!" ಎಂದು ನನ್ನ ಬೆನ್ನಿಗೆ ಗುದ್ದಿದ. ಅದನ್ನು ಹಾಗೇ ಇಟ್ಟುಕೊಳ್ಳುತ್ತಾರಂತೆ, ಹೀರೋಯಿನ್ನಿನ ಮುಖವನ್ನು ಆಮೇಲೆ ಚೆನ್ನೈಯಲ್ಲಿ ತೆಗೆಯುತ್ತಾರಂತೆ, ಅದಕ್ಕೆ ಇದೇ ಕಂಬಳಿ ಬೇಕಂತೆ, ಕಂಟಿನ್ಯೂಟಿ ಅಂತೆ. ಕೊಟ್ಟೆ. ಸೀತವ್ವ ಅಂದಿನಿಂದ ನನ್ನನ್ನು ಮನುಷ್ಯರ ಲೆಕ್ಕದಲ್ಲಿ ಇಟ್ಟಿಲ್ಲ. "ಇಂದ್ರಾ ನೂತಿದ್ದು, ಮನಿ ಕಂಬಳಿ, ಕುಣಿಯಾವ್ರ ಕೈಯಾಗ ಕೊಟ್ಟು ಬಂದೀಯಲ್ಲೋ ಬೀರಾ! ತಲಿ ಐತೇನ ನಿನಗ?" ಎಂದು ದಿನಾ ಒಂದು ಸಲ. ಊರಲ್ಲಿ ಕಟ್ಟೆಯ ಮೇಲಿನವರಿಗೆ ಒಂಬತ್ತು ತಿಂಗಳು ನಾನೇ ಮಾತು. "ಬೀರಣ್ಣ ಸಿನೇಮಾ ಖರೇ ಅಂತ ತಿಳ್ಕೊಂಡು ಭಂಡಾರ ಹಚ್ಚ್ಯಾನ್ರೀ, ಬಿ.ಎ. ಫಸ್ಟ್ ಇಯರ್ ಓದಿದಾಂವ!" ಅವರು ನಕ್ಕರೆ ನಾನೂ ಜೊತೆಗೆ ನಕ್ಕೆ.

ಹೋದ ವಾರ ವಿಜಯಪುರದ ಟಾಕೀಸಿಗೆ ಸಿನೇಮಾ ಬಂತು, ತಮಿಳಿನಲ್ಲೇ. ರಜಾಕ, ಸೀತವ್ವ, ನಾನು ಮೂವರೂ ಮುಂಜಾನೆಯ ಆಟಕ್ಕೆ ಹೋದೆವು. ಸಿಂದಗಿ ರೋಡಿನಲ್ಲಿ ಹೊರಟ ಗಾಡಿ ಒಂದು ತಿರುವಿನಲ್ಲಿ ತಿರುಗಿದರೆ ಮುದ್ದೇಬಿಹಾಳದ ಹೊಳೆಯ ದಂಡೆಗೆ ಬರುತ್ತದೆ, ಅಲ್ಲಿಂದ ಬೇಲಿ ಹಾರಿದರೆ ಸಾಲೋಟಗಿ! ನಮ್ಮೂರ ಬೋರ್ಡಿನ ಮೇಲೆ ತಮಿಳು ಅಕ್ಷರ ಬರೆದು ಅದನ್ನು ಅವರ ಯಾವುದೋ ಊರು ಮಾಡಿದ್ದಾರೆ. ನಾನೊಬ್ಬನೇ ಜೋರಾಗಿ ನಕ್ಕೆ, ಮುಂದಿನವರು ತಿರುಗಿ ನೋಡಿದರು. ಆಮೇಲೆ ಕುರಿ ಬಂದವು. ಯವ್ವಾ, ಅಷ್ಟು ದೊಡ್ಡ ಪರದೆಯ ಮೇಲೆ ನಮ್ಮ ಹಿಂಡು ಒಡೆದು ದಾರಿ ಬಿಟ್ಟಾಗ ಟಾಕೀಸಿನ ತುಂಬ ಸಿಳ್ಳೆ. ನೀನು ಹಾರಿದಾಗ ಸಿಳ್ಳೆ ನಿಂತಿತು. ಎಡಗೈ ಎದೆಗೆ ಒತ್ತಿ, ಗದ್ದ ಒಳಗೆಳೆದು, ಹೆಗಲ ಮೇಲೆ ಉರುಳಿದ್ದು ಎಲ್ಲ ನಿಧಾನವಾಗಿ ತೋರಿಸಿದರು. ಅದು ಟಗರು ಗುಮ್ಮಿದಾಗ ಬೀಳುವ ರೀತಿ, ಐದು ವರ್ಷದ ನಿನಗೆ ಇದೇ ಅಂಗಳದಲ್ಲಿ ನಾನು ಕಲಿಸಿದ್ದು. ಅಂಗೈ ಊರಿದರೆ ಮುರಿಯುತ್ತದೆ ಎಂದು ಎಷ್ಟು ಸಲ ಹೇಳಿದ್ದೆ, ಎಷ್ಟು ಸಲ ನಿನ್ನನ್ನು ಹುಲ್ಲಿನ ಮೇಲೆ ಕೆಡವಿದ್ದೆ. ಬಗಲಲ್ಲಿ ಕೂತಿದ್ದ ಅಪರಿಚಿತನಿಗೆ, "ಇದ ನಾ ಕಲಿಸಿದ್ದರೀ" ಎಂದುಬಿಟ್ಟೆ. ಆತ, "ಹಂಗೇನ್ರೀ ಮಾಸ್ತರ?" ಎಂದು ಸ್ವಲ್ಪ ಸರಿದು ಕೂತ.

ಕೊನೆಗೆ ಹೆಸರುಗಳು ಓಡಿದವು, ಇಂಗ್ಲೀಷಿನಲ್ಲಿ. ಜನ ಎದ್ದು ನಿಂತರು, ಒಂದು ಅಕ್ಷರ ಕಾಣಲಿಲ್ಲ. ನಾನು ಹೊರಗೆ ಬರಲಿಲ್ಲ. ರಜಾಕನಿಗೆ ಮಧ್ಯಾಹ್ನದ ಆಟದ ಟಿಕೀಟನ್ನೂ ತಾ ಎಂದೆ. "ಹುಚ್ಚ ಹಿಡದೈತೇನ? ಮತ್ತ ಮೂರು ತಾಸು?" ಎಂದ, ಆದರೂ ತಂದ. ಸೀತವ್ವ ಮೊಣಕಾಲು ತಿಕ್ಕುತ್ತ ಕೂತಳು, ಒಂದು ಮಾತೂ ಬೈಯಲಿಲ್ಲ, ಆಗಲೇ ನನಗೆ ಅವಳ ಮೇಲೆ ಅನುಮಾನ ಬಂತು. ಎರಡನೆಯ ಸಲ ಸಿನೇಮಾ ಮುಗಿಯುವ ಮೊದಲೇ ಎದ್ದು ಪರದೆಯ ಹತ್ತಿರ ಹೋಗಿ ನಿಂತೆ. ಕಾಲೇಜಿನ ಇಂಗ್ಲೀಷು ಒಂದು ದಿನ ಉಪಯೋಗಕ್ಕೆ ಬರುತ್ತದೆ ಎಂದು ನಮ್ಮ ಪ್ರೊಫೆಸರರು ಹೇಳುತ್ತಿದ್ದರು, ಬಂತು. ಸ್ಟಂಟ್ ಡಬಲ್ ಎಂದು ಬರೆದು, ಅದರ ಮುಂದೆ ನಿನ್ನ ಹೆಸರು. ಹೆಸರಿನ ಮುಂದೆ ನನ್ನ ಹೆಸರು. ರಾಜಶ್ರೀ ಬೀರಣ್ಣ. ಬಿ, ಡಬಲ್ ಇ, ಆರ್, ಎಂದು ಗಟ್ಟಿಯಾಗಿ ಓದಿದೆ. ಮಂದಿಯ ಬದಲು ಬೀಳುವವರಿಗೆ ಹೆಸರಿಲ್ಲ ಎಂದುಕೊಂಡಿದ್ದೆನಲ್ಲ, ಹೆಸರಿತ್ತು, ಅದರೊಳಗೆ ನಾನೂ ಇದ್ದೆ. ಹೊಸ್ತಿಲು ದಾಟಬೇಡ ಎಂದವನ ಹೆಸರನ್ನು ನೀನು ಐದು ವರ್ಷ ಹೊತ್ತುಕೊಂಡು ಎಷ್ಟು ಸಲ ಬಿದ್ದೆಯೋ, ಎದ್ದೆಯೋ.

ಬಸ್ಸಿನಲ್ಲಿ ಊರಿಗೆ ಹೊರಟೆವು. ಇಂಡಿಗೆ ಬಂದಾಗ ರಜಾಕ, "ನಿನ್ನ ಮಗಳು ಹುಲಿ ಅದಾಳೋ" ಎಂದ. ನಾನು, "ನನಗ ಹೇಳ್ತಿಯೇನ" ಎಂದೆ. ಮರುದಿನ ಕಟ್ಟೆಗೆ ಹೋಗಿ ಎಲ್ಲರ ನಡುವೆ ಕೂತು ಹೇಳಿದೆ, ಹಾರಿದವಳು ನನ್ನ ಮಗಳು, ಹೋಗಿ ನೋಡಿಕೊಂಡು ಬರ್ರಿ ಎಂದು. ಇವತ್ತು ಎರಡು ಟೆಂಪೋ ಹೋಗಿವೆ, ರಜಾಕ ಡೀಸೆಲ್ ಸಹ ಕೇಳಲಿಲ್ಲ. ಇನ್ನೂ ಬರೆಯುವುದು ಬಹಳ ಇದೆ, ಮಾಳಿಂಗನ ಮಗಳ ನಿಶ್ಚಯ, ಬಾವಿಯ ಮೋಟರು, ಆದರೆ ಮರದ ನೆರಳು ಗೋಡೆಗೆ ಹತ್ತಿತು, ಬೆಳಕು ಇಳಿಯುತ್ತಿದೆ, ಪೊರೆ ತೆಗೆದ ಕಣ್ಣಿಗೂ ಗೆರೆ ಕಾಣದಾಗಿದೆ. ಕುರಿ ಬರುವ ಸಪ್ಪಳ ಕೇಳುತ್ತಿದೆ, ಈ ಸಲ ಸುಳ್ಳಲ್ಲ. ನಿಮ್ಮ ಮಾಸ್ಟರಿಗೆ ನನ್ನ ನಮಸ್ಕಾರ ಹೇಳು. ಬೀರದೇವರು ನಿನ್ನ ಎಲುಬು ಕಾಯಲಿ, ಬಿದ್ದಲ್ಲೆಲ್ಲ ನೆಲ ಮೆತ್ತಗಿರಲಿ.

ನಿನ್ನ ಅಪ್ಪ,
ಬೀರಣ್ಣ

ತಾ.ಕ.: ಕೇಳಿದ್ದಕ್ಕೆ ಉತ್ತರ ಬರೆಯದೆ ಲಕೋಟೆ ಅಂಟಿಸುತ್ತಿದ್ದೆ, ಸೀತವ್ವ ಕಂದೀಲು ಹಿಡಿದು ನಿಂತು ಬಿಚ್ಚಿಸಿದಳು. ಗುರುತು ಹಿಡಿದಿದ್ದೆ. ನೀನು ಇನ್ನೂ ಗಾಳಿಯಲ್ಲಿದ್ದಾಗಲೇ, ಎಡಗೈ ಎದೆಗೆ ಹೋದ ಕೂಡಲೇ. ಸಿನೇಮಾದ ಗೊಂಬೆಗೆ ನಾನು ಯಾಕೆ ಓಡಲಿ, ಯಾರದೋ ಹಣೆಗೆ ನಮ್ಮ ದೇವರ ಭಂಡಾರ ಯಾಕೆ ಹಚ್ಚಲಿ? ಇನ್ನೂರು ಜನರ ಮುಂದೆ ಕಂಬಳಿ ಹೊದಿಸಿಯಾಗಿದೆ, ನಿನ್ನನ್ನು ಒಳಗೆ ತೆಗೆದುಕೊಂಡದ್ದು ಅಂದೇ ಮುಗಿಯಿತು. ಪಾರ್ಡನ್ ಎಂದದ್ದೂ ಡೈರೆಕ್ಟರಿಗಲ್ಲ. ಕಂಬಳಿ ಅಲ್ಲೇ ಇರಬೇಕು, ಕೇಳಿ ತಗೋ, ಪಾರ್ಸೆಲ್ ಮಾಡಬೇಡ. ಹೊದ್ದುಕೊಂಡು ಬಾ.